ಅಪ್ಪ ಪರೀಕ್ಷೆ ಮಾಡಿದ ಪುಸ್ತಕಗಳು

ಅಪ್ಪ ಮೂವತ್ತು ವರ್ಷ ಅರಮನೆಯ ಮೋಟಾರುಖಾನೆಯಲ್ಲಿ ಮೆಕ್ಯಾನಿಕ್ ಆಗಿದ್ದವರು. ರಾಜರ ಆಳ್ವಿಕೆ ಹೋಗಿ ಖಾನೆ ಚಿಕ್ಕದಾದಾಗ ಒಂಟಿಕೊಪ್ಪಲಿನ ಮನೆಯಲ್ಲಿ ಕೂತರು. ಐದಾರು ವರ್ಷ ಕಳೆಯುವುದರೊಳಗೆ ಮರೆವು ಶುರುವಾಯಿತು. ಬೆಳಿಗ್ಗೆ ಹೇಳಿದ್ದನ್ನೇ ಸಂಜೆ ಹೇಳುವರು, ನನ್ನನ್ನು ಅತ್ತೆಯ ಹೆಸರು ಹಿಡಿದು ಕರೆಯುವರು. ಅಮ್ಮ ಪಕ್ಕದ ಮನೆಯಾಕೆಯ ಹತ್ತಿರ ಇದನ್ನು ಹೇಳಿಕೊಂಡದ್ದು ಅಪ್ಪನ ಕಿವಿಗೆ ಬಿತ್ತು.

ಮಾರನೆಯ ದಿನವೇ ಶೆಡ್ಡಿಗೆ ಹೋಗಿ ಹಳೆಯ ಕಾರಿನ ಮೇಲಿನ ಟಾರ್ಪಾಲು ಎಳೆದರು. ಅದು ಅರಮನೆಯ ಅಧಿಕಾರಿಯೊಬ್ಬರು ಇನ್ನು ಪ್ರಯೋಜನವಿಲ್ಲವೆಂದು ಅಪ್ಪನಿಗೇ ಕೊಟ್ಟಿದ್ದ ಇಂಗ್ಲಿಷ್ ಗಾಡಿ. "ಇದ್ನ ಓಡಿಸ್ಬುಟ್ರೆ ನನ್ ತಲೆ ನೆಟ್ಟಗೈತೆ ಅಂತ ಒಪ್ಕೋತೀರಾ?" ಎಂದು ಕೇಳಿದರು. ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದಳು.

ಎಲ್ಲವನ್ನೂ ಬಿಚ್ಚಿ ಕಟ್ಟಬೇಕಾದ್ದರಿಂದ ಪುಸ್ತಕ ಬೇಕಾಯಿತು. ಅಪ್ಪನಿಗೆ ಇಂಗ್ಲಿಷ್ ಓದಲು ಬಾರದು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ, ಮಾತೆತ್ತಿದರೆ ಸಿಡುಕುವವಳು. ಇಬ್ಬರೂ ಮಾರ್ಕೆಟ್ಟಿನ ಹತ್ತಿರದ ಹಳೆ ಪುಸ್ತಕದಂಗಡಿಗೆ ಹೋದೆವು. ಅಂಗಡಿಯವರು ಮೋಟಾರಿನ ಪುಸ್ತಕಗಳನ್ನೆಲ್ಲ ಮುಂದೆ ಹರಡಿದರು. ಅಪ್ಪ ಸ್ಟೂಲಿನ ಮೇಲೆ ಕೂತು, ಶಾಲಾ ಇನ್ಸ್‌ಪೆಕ್ಟರರ ಗತ್ತಿನಲ್ಲಿ ಒಂದೊಂದು ಪುಸ್ತಕಕ್ಕೂ ಪ್ರಶ್ನೆ ಹಾಕತೊಡಗಿದರು. ಉತ್ತರ ಹುಡುಕಿ ಓದುವ ಕೆಲಸ ನನ್ನದು.

"ಉತ್ತರ ನಿಮಗೇ ಗೊತ್ತಿದ್ದ ಮೇಲೆ ಪುಸ್ತಕ ಯಾಕಪ್ಪಾ?" ಎಂದೆ.

"ನಂಗೆ ಗೊತ್ತಿರೋದ್ನ ಅದು ಸರಿಯಾಗಿ ಹೇಳಿದ್ರೆ, ಗೊತ್ತಿಲ್ದೇ ಇರೋದ್ನ ಅದು ಹೇಳ್ದಾಗ ನಂಬಬೌದು ಕಣಮ್ಮ" ಎಂದರು. ನಾನು ಮುಂದಿನ ಪುಸ್ತಕ ತೆರೆದೆ.

ಬಣ್ಣದ ಚಿತ್ರಗಳ ದಪ್ಪ ಪುಸ್ತಕ ಮೊದಲ ಸುತ್ತಿನಲ್ಲೇ ನಪಾಸಾಯಿತು. ಹಿಮ ಬಿದ್ದಾಗ ಏನು ಮಾಡಬೇಕೆಂದು ಎಂಟು ಪುಟ ಬರೆದಿದ್ದ ಅದರಲ್ಲಿ ಬ್ರೇಕಿನ ಬಗ್ಗೆ ಇದ್ದದ್ದು ಅರ್ಧ ಪುಟ. ಕೊನೆಗೆ ಎರಡು ಉಳಿದವು. ನಾಲ್ಕು ಸಿಲಿಂಡರುಗಳಲ್ಲಿ ಕಿಡಿ ಹತ್ತುವ ಸರದಿ ಯಾವುದು ಎಂಬುದು ಅಪ್ಪನ ಕೊನೆಯ ಪ್ರಶ್ನೆ. ನೀಲಿ ರಟ್ಟಿನದು ಒಂದು, ಮೂರು, ನಾಲ್ಕು, ಎರಡು ಎಂದಿತು. "ಸುಳ್ಳು. ಒಂದು, ಎರಡು, ನಾಲ್ಕು, ಮೂರು" ಎಂದರು ಅಪ್ಪ. ರಟ್ಟೇ ಕಿತ್ತುಹೋಗಿದ್ದ ಇನ್ನೊಂದು ಪುಸ್ತಕ ಅವರು ಹೇಳಿದ್ದನ್ನೇ ಹೇಳಿತು. ಅದೇ ಪಾಸು. ಆದರೆ ನೀಲಿ ಪುಸ್ತಕದ ಚಿತ್ರದಲ್ಲಿದ್ದ ಇಂಜಿನ್ನು ನಮ್ಮ ಶೆಡ್ಡಿನದರಂತೆಯೇ ಇತ್ತು. ಹಟಕ್ಕೆ ಬಿದ್ದು ಅದನ್ನೂ ಕೊಂಡೆ. ದಾರಿಯುದ್ದಕ್ಕೂ ಅಪ್ಪ ಗೊಣಗಿದರು.

ಮೂರು ತಿಂಗಳು ರಜಾದಿನಗಳಲ್ಲೆಲ್ಲ ನಾನು ಓದುವುದು, ಅವರು ಬಿಚ್ಚುವುದು, ಉಜ್ಜುವುದು, ಕಟ್ಟುವುದು. ನವರಾತ್ರಿ ಬಂದಾಗ ಕಿಡಿಯ ಸರದಿಗೆ ತಕ್ಕಂತೆ ಪ್ಲಗ್ಗುಗಳಿಗೆ ವೈರು ಕೊಡುವುದೊಂದೇ ಬಾಕಿ. ಆಯುಧ ಪೂಜೆಯ ದಿನ ಗಾಡಿಯನ್ನು ಸ್ಟಾರ್ಟ್ ಮಾಡಿಯೇ ಹೂವು ಮುಡಿಸುತ್ತೇನೆಂದು ಅಪ್ಪ ಬೀದಿಗೆಲ್ಲ ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ಸರಸ್ವತಿ ಪೂಜೆಗೆಂದು ಅಮ್ಮ ಮನೆಯ ಪುಸ್ತಕಗಳನ್ನೆಲ್ಲ ಜೋಡಿಸಿದಳು, ಮೋಟಾರಿನವನ್ನೂ ಸೇರಿಸಿ. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆರೆಯುವಂತಿಲ್ಲ.

"ಅದು ಸ್ಪ್ಯಾನರ್ ಜಾತಿಗೆ ಸೇರಿದ್ದು ಕಣೇ, ಆಯುಧದ ಜೊತೆ ಇಡು" ಎಂದರು ಅಪ್ಪ.

"ಅಕ್ಷರ ಇದ್ಮೇಲೆ ಸರಸ್ವತೀನೇ" ಎಂದಳು ಅಮ್ಮ.

ಅಪ್ಪ ಶೆಡ್ಡಿಗೆ ಹೋದರು. ವೈರು ಕೊಡುವುದಕ್ಕೆ ಯಾವ ಪುಸ್ತಕವೂ ಬೇಕಿಲ್ಲವೆಂದು ನೆನಪಿನಿಂದಲೇ ಕೊಟ್ಟರು.

ಆಯುಧ ಪೂಜೆಯ ಬೆಳಿಗ್ಗೆ ಅಕ್ಕಪಕ್ಕದವರು ಬಂದು ನಿಂತರು. ಅಪ್ಪ ಹ್ಯಾಂಡಲ್ ಹಾಕಿ ತಿರುಗಿಸಿದರು. ಇಂಜಿನ್ನು ಒಂದು ಸಲ ಸೀನಿ ಸುಮ್ಮನಾಯಿತು. ಮತ್ತೆ ತಿರುಗಿಸಿದರು, ಮತ್ತೆ ಸೀನಿತು. ಬೆವರು ಇಳಿಯುವವರೆಗೂ ತಿರುಗಿಸಿ, ಯಾರ ಮುಖವನ್ನೂ ನೋಡದೆ ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತರು. "ವಯಸ್ಸಾಯ್ತು ಪಾಪ" ಎಂದರು ಯಾರೋ. ನನಗೆ ಹಾಗೆಂದವರ ಮೇಲೆ, ಅಮ್ಮನ ಮೇಲೆ, ದೇವರ ಮೇಲೆ ಕೂಡ ಸಿಟ್ಟು ಬಂತು.

ನೇರ ಪೂಜೆಯ ಮಣೆಯ ಹತ್ತಿರ ಹೋಗಿ, ಕುಂಕುಮ ಹಚ್ಚಿದ್ದ ನೀಲಿ ಪುಸ್ತಕವನ್ನು ಅಡಿಯಿಂದ ಎಳೆದೆ. ಅಮ್ಮ ನೋಡಿದಳು, ನೋಡಿ ಒಲೆಯ ಕಡೆ ತಿರುಗಿಕೊಂಡಳು. ನಮ್ಮ ಗಾಡಿಯ ಪುಸ್ತಕ ಅದೇ. ಅಪ್ಪ ನೆನಪಿಟ್ಟುಕೊಂಡಿದ್ದದ್ದು ಖಾನೆಯ ಬೇರೆ ಯಾವುದೋ ಗಾಡಿಯ ಸರದಿ. ರಟ್ಟಿಲ್ಲದ ಪುಸ್ತಕವೂ ಆ ಗಾಡಿಯದೇ ಇರಬೇಕು. ಶೆಡ್ಡಿಗೆ ಹೋಗಿ ಎರಡನೆಯ, ಮೂರನೆಯ ವೈರುಗಳನ್ನು ಅದಲುಬದಲು ಮಾಡಿದೆ.

"ಇನ್ನೊಂದು ಸಲ ನೋಡಿ ಅಪ್ಪ" ಎಂದು ಬಲವಂತವಾಗಿ ಕರೆತಂದೆ. ಎರಡನೆಯ ಸುತ್ತಿಗೇ ಇಂಜಿನ್ನು ಹತ್ತಿಕೊಂಡಿತು. ಬೀದಿಯವರು ಅಪ್ಪನ ಕೈ ಹಿಡಿದು ಕುಲುಕಿದರು. ಅವರು ನಗುತ್ತಲೇ ಬಾನೆಟ್ಟು ಎತ್ತಿ, ಒಂದೊಂದೇ ವೈರಿನ ಜಾಡು ಹಿಡಿದು ಬೆರಳಾಡಿಸಿದರು. ಎರಡನೆಯದರ ಮೇಲೆ ಕುಂಕುಮ ಮೆತ್ತಿತ್ತು. ನನ್ನನ್ನು ನೋಡಿದರು, ಬಾನೆಟ್ಟು ಮುಚ್ಚಿದರು, ಹೂವು ಮುಡಿಸಿದರು.

ವಿಜಯದಶಮಿಯ ದಿನ ಅಮ್ಮ ಪುಸ್ತಕಗಳನ್ನು ತೆಗೆಯುತ್ತಿದ್ದಂತೆ ಅಪ್ಪ ನೀಲಿ ಪುಸ್ತಕವನ್ನು ಎತ್ತಿಕೊಂಡು ಬಂದು ನನ್ನ ಎದುರು ಕೂತರು.

"ಮೊದಲ್ನೇ ಪುಟದಿಂದ ಓದಮ್ಮ, ಒಂದೂ ಬುಡಬೇಡ" ಎಂದರು. "ನಾನಿನ್ನೂ ಏನೇನ್ ಮರ್ತಿದೀನಿ ಅಂತ ನಂಗೆ ಗೊತ್ತಾಗ್ಲಿ."