ಆಡದೇ ಸೋತ ಅಮಾವಾಸ್ಯೆ

ಆ ವರ್ಷದ ಫುಟ್‌ಬಾಲ್ ಲೀಗಿನಲ್ಲಿ ಗಜೇಂದ್ರಗಡ ಸೋತಿತು ಎಂದು ಯಾರಾದರೂ ಅಂದರೆ ನನಗೆ ಇವತ್ತಿಗೂ ತಡೆದುಕೊಳ್ಳಲು ಆಗುವುದಿಲ್ಲ. ಸೋಲಬೇಕಾದರೆ ಮೊದಲು ಆಡಬೇಕು. ನಮ್ಮವರನ್ನು ಆಡಲು ಬಿಟ್ಟಿದ್ದರೆ ತಾನೆ?

ಐವತ್ತರ ದಶಕದ ಮಾತು. ನಾನು ಮದುವೆಯಾಗಿ ಗಜೇಂದ್ರಗಡದ ನೇಕಾರರ ಮನೆಗೆ ಬಂದು ಬಹಳ ದಿನವಾಗಿರಲಿಲ್ಲ. ರೋಣ, ನರಗುಂದ, ಗಜೇಂದ್ರಗಡ ಈ ಮೂರು ಊರಿನವರು ಕೂಡಿ ಲೀಗ್ ನಡೆಸುತ್ತಿದ್ದರು. ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಆಡುವುದು, ಕಡೆಗೆ ಯಾರು ಹೆಚ್ಚು ಗೆದ್ದರೋ ಅವರಿಗೆ ಕಪ್. ನಮ್ಮ ತಂಡದಲ್ಲಿ ಮುಕ್ಕಾಲು ಪಾಲು ನೇಕಾರರೇ. ನೆಲ ತೋಡಿ ಕೂರಿಸಿದ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ದಿನವಿಡೀ ತುಳಿದು ತುಳಿದು ಅವರ ಮೀನಖಂಡ ಕಲ್ಲಾಗಿರುತ್ತಿತ್ತು. ಆದರೆ ನೇಕಾರನಿಗೆ ಬಿಡುವು ಅನ್ನುವುದು ಅಮಾವಾಸ್ಯೆಗೆ ಮಾತ್ರ. ಅಂದು ಮಗ್ಗ ಒರೆಸಿ, ವಿಭೂತಿ ಹಚ್ಚಿ, ಕಾಯಿ ಒಡೆದರೆ ಆಯಿತು, ಲಾಳಿ ಮುಟ್ಟುವಂತಿಲ್ಲ. ಅದಕ್ಕೇ ನಮ್ಮ ಆಟಗಳನ್ನೆಲ್ಲ ಅಮಾವಾಸ್ಯೆಗೆ ಇಡಲು ಲೀಗಿನ ಕಮಿಟಿಯವರು ಒಪ್ಪಿದ್ದರು. ಅದೊಂದು ಉಪಕಾರ ಅವರದು, ಇಲ್ಲವೆನ್ನುವುದಿಲ್ಲ.

ನಮ್ಮ ಮನೆಯವರು ಗೋಲಿನ ಮುಂದೆ ನಿಂತು ತಡೆಯುವವರು. ಹಿಂದಿನ ವರ್ಷ ಕಾಲಿನ ಹೆಬ್ಬೆರಳು ಮುರಿದುಕೊಂಡು ಬಂದಿದ್ದರಿಂದ ಮಗ್ಗದ ಮೇಲಿನ ಸೀರೆ ಅರ್ಧಕ್ಕೇ ನಿಂತುಬಿಟ್ಟಿತ್ತು. ಮನೆಗೆ ಹಿರಿಯರಾದ ನಮ್ಮ ಭಾವ ಒಂದೇ ಮಾತು ಹೇಳಿದ್ದರು.

“ಇದೊಂದ ವರ್ಷ ಆಡಿ ಮುಗಸು. ಆಮ್ಯಾಲ ಚೆಂಡಿನ ಹೆಸರ ತಗೀಬ್ಯಾಡ.”

ಇವರು ತಲೆಯಾಡಿಸಿದ್ದರು. ಅಣ್ಣನ ಮಾತು ಮೀರುವ ಮನುಷ್ಯರಲ್ಲ. ಆ ಕಪ್ ಊರಿಗೆ ಎಷ್ಟು ಬೇಕಿತ್ತೋ ನನಗೆ ಗೊತ್ತಿಲ್ಲ, ಇವರಿಗೆ ಬೇಕಿತ್ತು. ಉಣ್ಣುವಾಗ ತುತ್ತು ಕೈಯಲ್ಲೇ ಹಿಡಿದು ಕೂತುಬಿಡುತ್ತಿದ್ದರು. ನಾನು ಮಾತ್ರ ಇಟಗಿ ಭೀಮವ್ವನಿಗೆ, ಮೊದಲು ಕಾಲು ನೆಟ್ಟಗಿರಲಿ ತಾಯಿ, ಆಮೇಲೆ ಕಪ್ಪಿನ ಮಾತು ಎಂದು ಬೇಡಿಕೊಳ್ಳುತ್ತಿದ್ದೆ.

ರೋಣದವರನ್ನು ಸೋಲಿಸಿ, ನರಗುಂದದವರಿಗೆ ಸರಿಸಮವಾಗಿ ನಿಂತು, ಕಡೆಯ ಆಟ ಉಳಿಯಿತು. ನರಗುಂದದಲ್ಲಿ, ಅಮಾವಾಸ್ಯೆಯ ಸಂಜೆ. ಗೆದ್ದವರಿಗೇ ಕಪ್. ಅಲ್ಲಿ ನನ್ನ ಚಿಗವ್ವ, ನಮ್ಮವ್ವನ ತಂಗಿ, ಇದ್ದಳು. ಅವಳನ್ನು ನೋಡಿಬರುವ ನೆಪದಲ್ಲಿ, ಎಲ್ಲರಿಗೂ ಸಾಲುವಷ್ಟು ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಾನೂ ತಂಡದವರ ಜೊತೆ ಹತ್ತಿಯ ಲಾರಿ ಹತ್ತಿದೆ.

ಹೋಗಿ ನೋಡಿದರೆ ಬಯಲಿನಲ್ಲಿ ಎಮ್ಮೆ ಮೇಯುತ್ತಿದ್ದವು. ಗೋಲಿನ ಗಳ ಕಿತ್ತಿಟ್ಟಿದ್ದರು. ಎಮ್ಮೆ ಕಾಯುತ್ತಿದ್ದ ಮುದುಕ ನಮ್ಮನ್ನು ಕಂಡು ಮರುಗಿದ. “ನಿನ್ನಿ ಬರಬೇಕಿತ್ರಿ. ನಮ್ಮವರು ಖಾಲಿ ಗೋಲಿಗೆ ಚೆಂಡ ಹೊಡದು ಕಪ್ ತಗೊಂಡ ಹೋದ್ರು.”

ಆದದ್ದು ಇಷ್ಟು. ಆ ತಿಂಗಳು ಅಮಾವಾಸ್ಯೆ ನಾವು ಹೋದ ಹಿಂದಿನ ದಿನ ಮಧ್ಯಾಹ್ನ ಹಿಡಿದು, ಹೋದ ದಿನ ಮಧ್ಯಾಹ್ನದವರೆಗೆ ಇತ್ತು. ಸೂರ್ಯ ಹುಟ್ಟುವಾಗ ಯಾವ ತಿಥಿಯೋ ಆ ದಿನಕ್ಕೆ ಅದೇ ತಿಥಿ, ನಮ್ಮ ನೇಕಾರರ ಲೆಕ್ಕ ಹೀಗೆ. ಅಂಗಡಿಯವರು ದೀಪ ಹಚ್ಚುವ ಹೊತ್ತಿನ ತಿಥಿ ನೋಡಿ ಪೂಜೆ ಮಾಡುತ್ತಾರೆ. ಕಮಿಟಿಯ ಅಧ್ಯಕ್ಷರು ನರಗುಂದದ ಹತ್ತಿ ವ್ಯಾಪಾರಿ, ಅವರಿಗೆ ಅಮಾವಾಸ್ಯೆ ನಿನ್ನೆಗೇ ಆಗಿಹೋಗಿತ್ತು. ತಾರೀಖು ಅವರು ಹೇಳಲಿಲ್ಲ, ನಮ್ಮವರು ಕೇಳಲಿಲ್ಲ. ಅಮಾವಾಸ್ಯೆ ಎಂದಮೇಲೆ ಕೇಳುವುದೇನಿದೆ? ತಪ್ಪು ಎರಡೂ ಕಡೆಯದು, ಅದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಆಮೇಲಿನದಕ್ಕೆ.

ಎಲ್ಲರೂ ಅಧ್ಯಕ್ಷರ ಮನೆಗೆ ಹೋದೆವು. ಇವತ್ತೇ ಆಡಿಬಿಡೋಣ ಎಂದು ನಮ್ಮವರು ಕೈ ಮುಗಿದು ಕೇಳಿದರು. ಸುದ್ದಿ ತಿಳಿದು ಬಂದಿದ್ದ ನರಗುಂದದ ಆಟಗಾರರೂ, ಆಡುತ್ತೇವೆ, ಖಾಲಿ ಗೋಲಿಗೆ ಹೊಡೆದ ಕಪ್ ನಮಗೂ ಬೇಡ ಎಂದರು. ಅವರನ್ನು ದೇವರು ಚೆನ್ನಾಗಿಟ್ಟಿರಲಿ. ಅಧ್ಯಕ್ಷರು ಕಟ್ಟೆಯ ಮೇಲೆ ಕೂತು, ಈ ನೇಕಾರರಿಗೆ ಯಾರಾದರೂ ಒಂದು ಪಂಚಾಂಗ ಕೊಡಿಸಬೇಕು ಎಂದು ನಕ್ಕರು. ಅವರ ಬೆರಳಿಗೆ ಇನ್ನೂ ತುಪ್ಪದ ಜಿಡ್ಡಿತ್ತು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು.

ಗಂಡಸರ ನಡುವೆ ಬಾಯಿ ಹಾಕುವವಳಲ್ಲ ನಾನು. ಅವತ್ತು ತಡೆಯಲಿಲ್ಲ. ಸೆರಗು ಮುಂದಕ್ಕೆ ಎಳೆದುಕೊಂಡು ಕೇಳಿದೆ.

“ಯಪ್ಪಾ, ಅಮಾಸಿ ನಿನ್ನೇ ಮುಗದಿದ್ರ ಇವತ್ತ ಮನ್ಯಾಗ ಹೋಳಿಗಿ ಯಾಕ್ರಿ?”

ಅವರು ಬಾಯಿ ತೆರೆಯುವ ಮುಂಚೆ ಒಳಗಿನಿಂದ ಅವರ ತಾಯಿ ಉತ್ತರ ಕೊಟ್ಟರು. “ನಿನ್ನಿ ಅಂಗಡಿದು ಆತವಾ ತಂಗಿ, ಮನೀ ಅಮಾಸಿ ಇವತ್ತ ಅಲ್ಲೇನು. ಹೊರಗ್ಯಾಕ ನಿಂತಿ, ಬಾ, ಉಣ್ಣು.”

ಎರಡೂ ಊರಿನವರು ನಕ್ಕರು. ಅಧ್ಯಕ್ಷರು ನಗಲಿಲ್ಲ. “ಅದು ದೇವರ ಅಮಾಸಿ. ಲೀಗಿಗೆ ಕಮಿಟಿ ಹೇಳಿದ್ದೇ ಅಮಾಸಿ,” ಎಂದು ಎದ್ದು ಹೋಗಿ, ಲೀಗಿನ ಚೆಂಡನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ದೇವರಿಗೊಂದು ಅಮಾವಾಸ್ಯೆ, ಕಮಿಟಿಗೊಂದು. ಹಣೆತುಂಬ ವಿಭೂತಿ ಬಳಿದುಕೊಂಡು ಅಂದ ಮಾತಿದು.

ಆ ತಾಯಿ ಎಷ್ಟು ಕರೆದರೂ ನಾನು ಆ ಮನೆಯಲ್ಲಿ ನೀರು ಸಹ ಕುಡಿಯಲಿಲ್ಲ. ಬುತ್ತಿ ಬಿಚ್ಚಿದೆವು, ನರಗುಂದದವರೂ ನಮ್ಮ ಜೊತೆ ಕೂತು ರೊಟ್ಟಿ ಮುರಿದರು. ಅವರಲ್ಲೊಬ್ಬ ಎಲ್ಲಿಂದಲೋ ತೇಪೆ ಹಾಕಿದ ಹಳೆಯ ಚೆಂಡು ತಂದ. ಎಮ್ಮೆ ಅಟ್ಟಿ, ಕಲ್ಲಿಟ್ಟು ಗೋಲು ಮಾಡಿ, ಹೊತ್ತು ಮುಳುಗುವವರೆಗೆ ಆಡಿದರು. ಸೀಟಿ ಊದುವವರಿಲ್ಲ, ಗೋಲು ಎಣಿಸುವವರಿಲ್ಲ. ಆಟ ನಡೆಯುವಾಗ ಬಯಲಿಗೆ ಹೆಂಗಸರು ಹೋಗುವಂತಿರಲಿಲ್ಲ. ಚಿಗವ್ವನ ಮನೆಯ ಮಾಳಿಗೆ ಹತ್ತಿ ನಿಂತು ನಾನು ಮೊದಲ ಸಲ ಇವರ ಆಟ ನೋಡಿದೆ. ಎದುರು ಬಂದವರ ಕಾಲಿನಿಂದ ಚೆಂಡನ್ನು ಮೆತ್ತಗೆ, ಹೂ ಕಿತ್ತಂತೆ ತೆಗೆದುಕೊಳ್ಳುತ್ತಿದ್ದರು. ಮನೆಯಲ್ಲಿ ಒಂದು ಚೊಂಬು ಎತ್ತಿಡಲು ಬಾರದ ಮನುಷ್ಯ.

ಮರುದಿನ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟ ಇವರು ಮತ್ತೆ ಚೆಂಡು ಮುಟ್ಟಲಿಲ್ಲ. ಮುಂದಿನ ವರ್ಷ ಭಾವ ತಾವಾಗಿಯೇ, ಬೇಕಾದರೆ ಇನ್ನೊಂದು ವರ್ಷ ಆಡು ಎಂದರು. ಇವರು ಲಾಳಿ ನಿಲ್ಲಿಸದೆ, “ಬ್ಯಾಡಣ್ಣ,” ಎಂದರು.

ಆಡಿದರಲ್ಲ ಅವತ್ತು, ದೇವರು ಅಷ್ಟಾದರೂ ಕೊಟ್ಟ ಎಂದು ಚಿಗವ್ವ ಸಮಾಧಾನ ಹೇಳುತ್ತಿದ್ದಳು. ದೇವರು ಕೊಟ್ಟಿದ್ದಕ್ಕೆ ದಿನಾ ಕೈ ಮುಗಿಯುತ್ತೇನೆ. ಆ ಅಧ್ಯಕ್ಷ ಕಸಿದುಕೊಂಡದ್ದನ್ನು ಮಾತ್ರ ದೇವರ ಹೆಸರಿಗೆ ಹಚ್ಚಲಾರೆ.