ಉರಿಯದ ಗಾಯ

ಬೇಕರಿ ಓಣಿಯಲ್ಲಿ ಯಾರ ಕೈ ಸುಟ್ಟರೂ ಮೊದಲು ಬರುತ್ತಿದ್ದುದು ಜೇನಕ್ಕನ ಮೆಟ್ಟಿಲಿಗೆ. ತಾರಸಿಯ ಮೇಲೆ ಜೇನುಪೆಟ್ಟಿಗೆ, ಒಡೆದ ಬಕೆಟ್ಟುಗಳಲ್ಲಿ ಲೋಳೆಸರ ಇಟ್ಟುಕೊಂಡವಳಿಗೆ ಆ ಹೆಸರು ತಾನಾಗಿ ಅಂಟಿತ್ತು. ಸುಟ್ಟ ಜಾಗವನ್ನು ನಲ್ಲಿಯ ಕೆಳಗೆ ಹಿಡಿಸಿ, ಲೋಳೆ ಸವರಿ, ಜೇನು ಹಚ್ಚಿದ ತೆಳುಬಟ್ಟೆ ಸುತ್ತುವಳು. "ಉರಿ ನಿಂತಿತಾ?" ಎನ್ನುವಳು. ನಿಂತಿತೆಂದರೆ ಗುಣವಾದ ಹಾಗೆಯೇ.

ಗಂಡ ಆ ಬೇಕರಿಯಲ್ಲೇ ಹಿಟ್ಟು ನಾದುವವನು. ಒಂದು ಬೆಳಿಗ್ಗೆ ಬಾಣಲೆ ವಾಲಿ, ಕುದಿಯುವ ಸಕ್ಕರೆ ಪಾಕ ಅವನ ಬಲಗೈ ಮೇಲೆ ಸುರಿಯಿತು. ನೀರಾದರೆ ಹರಿದುಹೋಗುತ್ತದೆ, ಪಾಕ ಹಿಡಿದು ಕೂರುತ್ತದೆ. ಜೊತೆಗೆ ಕೆಲಸ ಮಾಡುತ್ತಿದ್ದ ತಮ್ಮ ಅವನನ್ನು ಮನೆಗೆ ಕರೆತಂದ. ಬೆರಳುಗಳ ಮೇಲಿನ ಚರ್ಮ ಬೆಳ್ಳಗೆ, ಬಿರುಸಾಗಿ, ಒಣಗಿದ ತೊಗಲಿನಂತಿತ್ತು.

"ಅತ್ತಿಗೆ, ಆಸ್ಪತ್ರೆಗೆ ಹೋಗೋಣ. ಒಂದು ಗುಳ್ಳೆನೂ ಎದ್ದಿಲ್ಲ, ನೋಡಿ."

"ಗುಳ್ಳೆ ಏಳದಿದ್ರೆ ಒಳ್ಳೇದಲ್ವೇನೋ?" ಅವಳು ಬಟ್ಟೆ ಸುತ್ತಿ ಗಂಡನ ಮುಖ ನೋಡಿದಳು. "ಉರೀತಿದೆಯಾ?"

"ಬೆರಳಲ್ಲಿ ಚೂರೂ ಇಲ್ಲ ಕಣೇ. ನಿನ್ನ ಕಂಡ್ರೆ ನಾನೇ ನಡುಗ್ತೀನಿ, ಉರಿ ಯಾವ ಲೆಕ್ಕ!"

ಮೂವರೂ ನಕ್ಕರು. ಅವಳು ದಿನವೂ ಬಟ್ಟೆ ಬದಲಿಸಿದಳು. ಅವನು ಹಲ್ಲು ಕಚ್ಚಲಿಲ್ಲ, ಮುಲುಗಲಿಲ್ಲ. ನೋವಿಲ್ಲವೆಂದು ಓಣಿಗೆಲ್ಲ ಹೇಳಿಕೊಂಡು ಬಂದಳು. ವಾರ ಕಳೆಯುವಷ್ಟರಲ್ಲಿ ಜೇನಿನ ಪರಿಮಳವನ್ನೂ ಮೀರಿ ಕೊಳೆತ ವಾಸನೆ ಬಂತು. ಮೈ ಕಾದು ಅವನು ಬಡಬಡಿಸತೊಡಗಿದ.

ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ವೈದ್ಯೆ ಅವಳನ್ನು ಗದರಲಿಲ್ಲ. "ಮೇಲುಮೇಲಿನ ಸುಟ್ಟಗಾಯಕ್ಕೆ ಜೇನು, ಲೋಳೆಸರ ಹಿತವೇ ಅಮ್ಮ. ಇದು ಆಳಕ್ಕೆ ಇಳಿದಿತ್ತು. ನೋವು ತಿಳಿಸೋ ನರಗಳೇ ಸುಟ್ಟಿದ್ವು. ಉರಿ ನಿಂತಿರ್ಲಿಲ್ಲ, ಅವರಿಗೆ ಗೊತ್ತಾಗ್ತಿರ್ಲಿಲ್ಲ ಅಷ್ಟೇ."

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಗಂಡ ಒಂದೇ ಮಾತು ಹೇಳಿದ: "ಇವಳಿದ್ದಿದ್ದಕ್ಕೆ ಬೆರಳಲ್ಲೇ ಮುಗೀತು. ಇಲ್ದಿದ್ರೆ ಕೈಯೇ ಹೋಗ್ತಿತ್ತು." ಅಡುಗೆಮನೆಯಲ್ಲಿ ಅದು ಕಿವಿಗೆ ಬಿದ್ದಾಗಲೆಲ್ಲ ಅವಳ ಕೈಯ ಕೆಲಸ ನಿಲ್ಲುತ್ತಿತ್ತು. ಮೈದುನ ಮಾತ್ರ ನೆಲ ನೋಡುತ್ತಿದ್ದ.

ಆ ಮಾತು ನಂಬಿ, ಇಸ್ತ್ರಿ ಅಂಗಡಿಯವಳು ಮಗಳನ್ನು ಎತ್ತಿಕೊಂಡು ಬಂದಳು. ಕಾದ ಇಸ್ತ್ರಿಪೆಟ್ಟಿಗೆ ತಗುಲಿ ಮಗುವಿನ ಮೊಣಕೈ ಬೆಳ್ಳಗಾಗಿತ್ತು. "ಅಳ್ತಾನೂ ಇಲ್ಲ ಜೇನಕ್ಕ, ಜಾಣೆ ನನ್ನ ಮಗಳು. ಸ್ವಲ್ಪ ಹಚ್ಚಿಬಿಡು."

"ಈಗಲೇ ಆಸ್ಪತ್ರೆಗೆ ಓಡು. ಇವರ ಬೆರಳು ಹೋಗಿದ್ದು ನನ್ನಿಂದಲೇ. ನಾನು ತಡ ಮಾಡಿದೆ." ಓಣಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು.

ಅವಳು ಒಳಬಂದಾಗ ಗಂಡ ಗೋಡೆಯ ಕಡೆ ತಿರುಗಿ ಮಲಗಿದ್ದ. "ನಾನು ಮುಚ್ಚಿಟ್ಟಿದ್ದನ್ನ ಬೀದಿಗೆ ಹಾಕಿದ್ಯಲ್ಲೇ," ಎಂದ. "ನನ್ನ ಹತ್ರ ಇನ್ನೇನಿತ್ತು ನಿಂಗೆ ಕೊಡೋಕೆ?"

ಅವಳು ತಟ್ಟೆ ತಂದು ಪಕ್ಕದಲ್ಲಿ ಕೂತಳು. ಚಮಚ ಹಿಡಿದು ಕಾದಳು. ಅವನು ಈಚೆ ತಿರುಗುವ ಹೊತ್ತಿಗೆ ಊಟ ಆರಿಹೋಗಿತ್ತು.