ದೇವರ ಗೂಡಿನ ವೈಫೈ

"ಅಕ್... ಅಕ್... ಅಕ್ಕಾ..."

ತೆಲಂಗಾಣ ರಾಜ್ಯವಾದ ಮೇಲೆ ಮಕ್ತಲ್‌ನ ನಮ್ಮ ಮನೆಗೆ ವೈಫೈ ಬಂತು. ಅದು ತಂದ ಮೊದಲ ಸದ್ದು ಇದೇ. ನನ್ನ ವಾರಗಿತ್ತಿಯ ತಂಗಿ ಮಲ್ದಕಲ್‌ನಿಂದ ವಿಡಿಯೋ ಕಾಲ್ ಮಾಡಿ ಹೀಗೆ ತುಂಡುತುಂಡಾಗಿ ಕರೆಯುತ್ತಿದ್ದಳು. ಮುಖವೋ, ಕಲಸಿಟ್ಟ ಹಿಟ್ಟು. "ಆರಾಮ ಅದೀಯೇನ?" ಎಂದು ಅಕ್ಕ ಕೇಳಿದರೆ, "ಆರಾ... ಆರಾ..." ಅಷ್ಟರಲ್ಲಿ ಚಿತ್ರ ನಿಂತೇ ಹೋಗುತ್ತಿತ್ತು.

ರೌಟರ್ ಬಂದ ದಿನ ನಮ್ಮವರು ಅದಕ್ಕೆ ಬೀರಪ್ಪನ ಭಂಡಾರದ ಅರಿಶಿನ ಹಚ್ಚಿ, ಕಲ್ಲುಗೋಡೆಯೊಳಗಿನ ದೇವರ ಗೂಡಿನಲ್ಲಿ ಹಿತ್ತಾಳೆ ದೀಪಗಳ ಹಿಂದೆ ಕೂರಿಸಿದ್ದರು. ಹೊಸ ವಸ್ತುವಿಗೆ ನಮ್ಮಲ್ಲಿ ಅದೇ ಪದ್ಧತಿ. ಮಿಕ್ಸಿ, ಹೊಲಿಗೆ ಮಿಷನ್ ಎಲ್ಲ ಪೂಜೆ ಮುಗಿಸಿಕೊಂಡು ಹೊರಬಂದಿದ್ದವು. ಇದು ಮಾತ್ರ, ಸೀರಿಯಲ್ ಲೈಟಿನ ಪ್ಲಗ್ ಅಲ್ಲೇ ಇತ್ತಲ್ಲ, ಅಲ್ಲೇ ನೆಲೆಸಿತು.

ಕಾನ್ವೆಂಟ್ ಓದಿದವಳೆಂದು ಇನ್‌ಸ್ಟ್ರಕ್ಷನ್ ಬುಕ್ ನನ್ನ ಪಾಲಿಗೆ ಬಂತು. ಅದರ ಗ್ರಾಮರ್ ಎಕ್ಸಲೆಂಟ್. ಬ್ಯಾಂಡ್ ಎರಡಂತೆ: ಐದು ಗಿಗಾಹರ್ಟ್ಜ್‌ನದು ಫಾಸ್ಟ್, ಗೋಡೆ ಕಂಡರೆ ಸೋಲುತ್ತದೆ, ಎರಡೂವರೆಗೆ ತುಸು ಕಮ್ಮಿಯದು ನಿಧಾನ, ಹೇಗೋ ನುಸುಳುತ್ತದೆ. ಡಬ್ಬಿಯ ಮೇಲಿನ ಸ್ಪೀಡ್ ಡಬ್ಬಿಗೇ ಮೀಸಲು. ಅದೂ ಮೆಗಾಬಿಟ್ ಲೆಕ್ಕ, ಎಂಟು ಬಿಟ್ ಕೂಡಿದರೆ ಒಂದು ಬೈಟ್. ಇಷ್ಟೆಲ್ಲ ಲೆಕ್ಚರ್ ಕೊಟ್ಟೆ.

ಮೊಣಕಾಲು ನೋವಿಗೆ ಒಳಕೋಣೆ ಹಿಡಿದಿದ್ದ ವಾರಗಿತ್ತಿ ಅಂದಳು, "ಸಾಕ್ ಮಾಡವ್ವ ನಿನ್ನ ಇಂಗ್ಲಿಷ್. ನನ್ನ ತಂಗಿ ಮಾರಿ ಕಾಣತೈತೋ ಇಲ್ಲೋ, ಅಷ್ಟು ಹೇಳು."

"ಕಾಣತೈತಕ್ಕ, ಗೂಡಿನಾಗಿಂದ ಅದನ್ನ ತೆಗೆದರ."

ನಮ್ಮವರು ಪೇಪರ್ ಇಳಿಸಿದರು. "ಭಂಡಾರ ಬಿದ್ದಿದ್ದಕ್ಕ ಕೈ ಹಚ್ಚಬ್ಯಾಡ್ರಿ. ದೇವರ ಕಡೆ ಮಂದಿ ಹೋಗಬೇಕು, ಮಂದಿ ಕಡೆ ದೇವರಲ್ಲ."

ಸರಿ, ಮಂದಿಯೇ ಹೋಯಿತು. ವಾರಗಿತ್ತಿಯನ್ನು ಮಂಚದ ಸಮೇತ ಎತ್ತಿ ಗೂಡಿನೆದುರು ಇಳಿಸಿದೆವು; ಒಂದು ಕಡೆ ನಮ್ಮವರೇ ಹಿಡಿದರು. ದೀಪಗಳನ್ನು ಪಕ್ಕಕ್ಕೆ ಸರಿಸಲು ದೇವರ ಅಭ್ಯಂತರವಿರಲಿಲ್ಲ.

ಚಿತ್ರ ತಿಳಿನೀರಿನಂತೆ ಬಂತು. ತಂಗಿಯ ಕೆನ್ನೆ ಒಳಗಿಳಿದಿತ್ತು, ಕುತ್ತಿಗೆಯ ಎಲುಬು ಎದ್ದಿತ್ತು. "ಆರಾಮ ಅದೀನಕ್ಕ" ಎಂದಳು, ಒಂದಕ್ಷರವೂ ತುಂಡಾಗದೆ.

ವಾರಗಿತ್ತಿ ಫೋನನ್ನು ಬೋರಲು ಹಾಕಿದಳು. "ನಾ ಹೊಂಟೆ. ಬರೇ ಎಲುಬು ಉಳದಾವ ಅಕೀಗೆ."

"ನಿನ್ನ ಮೊಣಕಾಲು, ಅಕ್ಕ?"

"ಅದು ಅಲ್ಲಿಗೆ ಬಂದು ನೋಯ್ಲಿ."

ಮರುದಿನ ಅವಳನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ರೊಟ್ಟಿ ಗಂಟನ್ನು ಕಿಟಕಿಯಿಂದ ಕೊಟ್ಟು, ವಿಡಿಯೋ ಕಾಲ್ ಮಾಡು ಎಂದೆ. "ಬ್ಯಾಡ. ನೀನೂ ನನ್ನ ಮಾರಿ ನೋಡಿ ಓಡಿ ಬಂದೀ" ಎಂದಳು. ಅವಳನ್ನು ನಾನು ಕಂಡದ್ದು ಅದೇ ಕೊನೆಯ ಸಲ: ಮಲ್ದಕಲ್ ದಾರಿಯ ಗದ್ವಾಲ ಬಸ್ಸಿನಲ್ಲಿ ಎರಡೂ ಕೈಯಿಂದ ಮೊಣಕಾಲು ಒತ್ತಿಕೊಳ್ಳುತ್ತ, ಬೇಗ ಹೊರಡಯ್ಯಾ ಎಂದು ಡ್ರೈವರನನ್ನು ತೆಲುಗಿನಲ್ಲಿ ಗದರುತ್ತಿದ್ದಳು.